ಸಂತ ಮಾರ್ಕರ ಸುವಾರ್ತೆ ಬೈಬಲ್ ಸೇರಿದ ಬಗೆ

1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಮಡಿಕೇರಿ ಕೋಟೆಯೊಳಗೆ ಎದ್ದ ಆಂಗ್ಲಿಕನ್ ಚರ್ಚಿನಲ್ಲಿ ನೀವು ನಿಂತಿದ್ದೀರಿ. ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿರುವ ಈ ಕಟ್ಟಡಕ್ಕೆ ಅಂದು ಇಟ್ಟದ್ದು ಸಂತ ಮಾರ್ಕರ ಹೆಸರು. 16 ಅಧ್ಯಾಯಗಳ ಅವರ ಸುವಾರ್ತೆ ನಾಲ್ಕರಲ್ಲಿ ಅತಿ ಚಿಕ್ಕದು. ಬಹುಪಾಲು ವಿದ್ವಾಂಸರ ಪ್ರಕಾರ ಅತಿ ಹಳೆಯದೂ ಹೌದು.

ಅದು ಒಮ್ಮೆಗೇ ಧರ್ಮಗ್ರಂಥವಾಗಲಿಲ್ಲ. ಮಾರ್ಕರು ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬರಲ್ಲ. ಆ ಹನ್ನೆರಡು ಮಂದಿಯಲ್ಲಿ ಒಬ್ಬರಾದ ಪೇತ್ರರ ಬಾಯಿಂದ ಕೇಳಿದ್ದನ್ನು ಅವರು ಬರೆದಿಟ್ಟರೆಂಬ ಎರಡನೆಯ ಶತಮಾನದ ನಂಬಿಕೆಯೇ ಆ ಬರಹಕ್ಕೆ ದೊಡ್ಡ ಬಲವಾಯಿತು. ಅಪೊಸ್ತಲರ ನಂಟು ಇದೆಯೇ, ಬೋಧನೆಗೆ ಹೊಂದುತ್ತದೆಯೇ, ಊರೂರಿನ ಸಭೆಗಳು ಆರಾಧನೆಯಲ್ಲಿ ಓದುತ್ತಿವೆಯೇ ಎಂದು ನೋಡಿಯೇ ಬರಹಗಳನ್ನು ಒಪ್ಪುತ್ತಿದ್ದರು. ದಿಕ್ಕು ನಾಲ್ಕಿರುವಂತೆ ಸುವಾರ್ತೆಯೂ ನಾಲ್ಕೇ ಎಂದು ಸುಮಾರು 180ರಲ್ಲಿ ಬಿಷಪ್ ಐರೇನಿಯಸ್ ವಾದಿಸಿದರು. ಇಬ್ರಿಯರಿಗೆ ಬರೆದ ಪತ್ರಿಕೆ, ಪ್ರಕಟನೆ ಮೊದಲಾದವುಗಳ ಚರ್ಚೆ ಮಾತ್ರ ಶತಮಾನಗಳ ಕಾಲ ನಡೆಯಿತು. ಹಲವರು ಭಕ್ತಿಯಿಂದ ಓದುತ್ತಿದ್ದ ‘ಹೆರ್ಮಸನ ಕುರುಬ’ ಕೊನೆಗೆ ಹೊರಗುಳಿಯಿತು.

ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳನ್ನಷ್ಟೇ ಹೆಸರಿಸುವ, ನಮಗೆ ಸಿಕ್ಕಿರುವ ಮೊದಲ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿದೆ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೆಯ ಶತಮಾನದ ಮೊದಲರ್ಧದಲ್ಲಿ ಕನ್ನಡಕ್ಕೆ ತಂದದ್ದೂ ಇದೇ 27 ಪುಸ್ತಕಗಳ ಹೊಸ ಒಡಂಬಡಿಕೆಯನ್ನು.