ಕಾಲುವೆ, ಕರೆಂಟು ಮತ್ತು ನಮ್ಮ ಓಟು



ಸಂಘದ ಬೆಳ್ಳಿಹಬ್ಬದ ಈ ಹೊತ್ತಿನಲ್ಲಿ ನಮ್ಮ ಸೀಮೆಯ ನೀರಿನ ಚರಿತ್ರೆಯನ್ನು ನೆನೆಯದಿದ್ದರೆ ಹೇಗೆ? 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಾಯಿತು. ಮುಂದೆ ಎಡದಂಡೆ ಕಾಲುವೆ ಬಂದು ಸಿಂಧನೂರು ಭತ್ತದ ನಾಡಾಯಿತು. ಅಂದು ಲಿಂಗಸುಗೂರು ತಾಲೂಕಿನಲ್ಲಿದ್ದ ಮಸ್ಕಿಯ ಕಡೆ, ಎತ್ತರದ ಹಲವು ಊರುಗಳ ಹೊಲ ಮಾತ್ರ ಮಳೆಯನ್ನೇ ನಂಬಿ ಉಳಿದವು.

1985ರಲ್ಲಿ ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಶುರುವಾಯಿತು. ಆದರೂ ಪಂಪ್‌ಸೆಟ್ಟಿನ ಕರೆಂಟಿಗಾಗಿ ನಡುರಾತ್ರಿ ಹೊಲದಾಗ ಕಾದು ಕೂತವರು ನಾವೇ. (ಹಾವು ಚೇಳಿನ ಮಾತು ಇಲ್ಲಿ ಬೇಡ ಬಿಡ್ರಿ.)

2020ರ ಕೊನೆಗೆ ಮಸ್ಕಿ ಭಾಗದ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ಧರಣಿ ಕೂತರು. ಸರಕಾರ ನಂದವಾಡಗಿ ಏತ ನೀರಾವರಿಯ ಮಾತಾಡಿತು. ರೈತರು ಹರಿಯುವ ನೀರೇ ಬೇಕೆಂದರು. ಏತಕ್ಕೆ ಕರೆಂಟು ಬೇಕು, ಕರೆಂಟಿನ ಕಥೆ ಮಂದಿಗೆ ಗೊತ್ತೇ ಐತಿ!

2018ರ ಚುನಾವಣೆಯಲ್ಲಿ ಬರೀ 213 ಓಟಿನಿಂದ ಸೋತಿದ್ದ ಬಸನಗೌಡ ತುರವಿಹಾಳರು 2021ರ ಏಪ್ರಿಲ್ ಉಪಚುನಾವಣೆಯಲ್ಲಿ 30 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಪಕ್ಷ ಬದಲಾವಣೆಯ ಗದ್ದಲವೂ ಅದರಲ್ಲಿತ್ತು. ಕಾಲುವೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಆ ಸಲ 5ಎ ಮಾತು ಎತ್ತದೆ ಓಟು ಕೇಳುವುದು ಯಾರಿಗೂ ಸುಲಭವಿರಲಿಲ್ಲ.