ಕ್ಲೇ ಟಾರ್ಗೆಟ್ ಶೂಟಿಂಗ್‌ನಲ್ಲಿ ಮಾನಸಿಕ ಸಿದ್ಧತೆ

ಕ್ಲೇ ಟಾರ್ಗೆಟ್ ಶೂಟಿಂಗ್‌ನಲ್ಲಿ ಮಾನಸಿಕ ಸಿದ್ಧತೆ ಎಂದರೆ, ಗಾಳಿಯಲ್ಲಿ ಹಾರುವ ಬಿಲ್ಲೆಗಳನ್ನು ಶಾಟ್‌ಗನ್‌ನಿಂದ ಹೊಡೆಯುವ ಸ್ಪರ್ಧಿಯು ಪ್ರತಿ ಹೊಡೆತಕ್ಕೂ ಒಂದೇ ಬಗೆಯ ಏಕಾಗ್ರತೆ ತಂದುಕೊಳ್ಳಲು ರೂಢಿಸಿಕೊಳ್ಳುವ ಕ್ರಮಗಳು. ಟ್ರ್ಯಾಪ್ ಮತ್ತು ಸ್ಕೀಟ್ ಈ ಕ್ರೀಡೆಯ ಒಲಿಂಪಿಕ್ ವಿಭಾಗಗಳಾಗಿವೆ.

ಹಿನ್ನೆಲೆ

ಮೊದಲು ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯಲಾಗುತ್ತಿತ್ತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಅವುಗಳ ಬದಲು ಮಣ್ಣಿನ ಬಿಲ್ಲೆಗಳು ಬಳಕೆಗೆ ಬಂದವು. 'ಕ್ಲೇ ಪಿಜನ್' ಎಂಬ ಹೆಸರು ಉಳಿದದ್ದು ಹೀಗೆ. ಇಂದಿನ ಬಿಲ್ಲೆಯ ವ್ಯಾಸ ಸುಮಾರು 11 ಸೆಂ.ಮೀ. ಟ್ರ್ಯಾಪ್‌ನಲ್ಲಿ ಸ್ಪರ್ಧಿ ಕೂಗಿದೊಡನೆ ಬಿಲ್ಲೆ ಚಿಮ್ಮುತ್ತದೆ, ಆದರೆ ಅದರ ದಿಕ್ಕು ಮೊದಲೇ ತಿಳಿದಿರುವುದಿಲ್ಲ. ಸ್ಕೀಟ್‌ನಲ್ಲಿ ಹಾರುವ ದಾರಿ ತಿಳಿದಿರುತ್ತದೆ, ಆದರೆ ಕೂಗಿದ ಬಳಿಕ ಬಿಲ್ಲೆ ಹೊರಬರಲು ಮೂರು ಸೆಕೆಂಡುಗಳವರೆಗೆ ತಡವಾಗಬಹುದು. ಅರ್ಹತಾ ಹಂತದಲ್ಲಿ 25ರಂತೆ ಐದು ಸುತ್ತು, ಅಂದರೆ ಒಟ್ಟು 125 ಗುರಿಗಳಿರುತ್ತವೆ.

ಹೊಡೆತಕ್ಕೆ ಮುನ್ನ

ಬಿಲ್ಲೆ ಹಾರಿದ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಆದ್ದರಿಂದ ತೀರ್ಮಾನಗಳೆಲ್ಲವೂ ಕೂಗುವ ಮೊದಲೇ ಮುಗಿದಿರಬೇಕು. ಪಾದಗಳನ್ನು ಸರಿಯಾಗಿ ಊರುವುದು, ಒಮ್ಮೆ ದೀರ್ಘವಾಗಿ ಉಸಿರು ಬಿಡುವುದು, ಬಂದೂಕಿನ ತುದಿಯನ್ನು ನಿಗದಿತ ಸ್ಥಾನಕ್ಕೆ ತರುವುದು, ಬಿಲ್ಲೆ ಕಾಣಿಸಿಕೊಳ್ಳುವ ಕಡೆಗೆ ದೃಷ್ಟಿ ನೆಡುವುದು, ಆಮೇಲೆ ಕೂಗುವುದು: ಈ ಅನುಕ್ರಮ ಮೊದಲ ಗುರಿಗೂ ಕೊನೆಯ ಗುರಿಗೂ ಬದಲಾಗಬಾರದು. ನುರಿತ ಶಾಟ್‌ಗನ್ ಸ್ಪರ್ಧಿಗಳ ಕಣ್ಣು ಇತರರಿಗಿಂತ ಬೇಗ ಗುರಿಯ ಮೇಲೆ ನೆಲೆಗೊಂಡು, ಹೆಚ್ಚು ಹೊತ್ತು ಅಲ್ಲೇ ಉಳಿಯುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಗುರಿ ತಪ್ಪಿದಾಗ

ಟ್ರ್ಯಾಪ್‌ನಲ್ಲಿ ಸ್ಪರ್ಧಿಗಳು ಸರದಿಯಂತೆ ಹೊಡೆಯುವುದರಿಂದ ಎರಡು ಹೊಡೆತಗಳ ನಡುವೆ ಬಿಡುವು ಸಿಗುತ್ತದೆ. ತಪ್ಪಿದ ಗುರಿಯ ಚಿಂತೆ ಮತ್ತು ಅಂಕದ ಲೆಕ್ಕಾಚಾರ ಮನಸ್ಸನ್ನು ಹೊಕ್ಕುವುದು ಈ ಬಿಡುವಿನಲ್ಲಿಯೇ. ಬಂದೂಕನ್ನು ತೆರೆದು ಖಾಲಿ ತೋಟಾ ಹೊರಬಂದಾಗ ಆ ಹೊಡೆತ ಮುಗಿಯಿತೆಂದು ಭಾವಿಸುವುದು ಒಂದು ರೂಢಿ. ತಪ್ಪಿಗೆ ಕಾರಣ ಹುಡುಕುವ ಕೆಲಸವನ್ನು ಸುತ್ತು ಮುಗಿದ ಮೇಲೆ, ದಿನಚರಿಯ ಪುಸ್ತಕದಲ್ಲಿ ಮಾಡಬಹುದು. ಅಭ್ಯಾಸದ ವೇಳೆಯಲ್ಲಿಯೂ ಎಷ್ಟು ಬಿಲ್ಲೆಗಳು ಒಡೆದವು ಎಂಬುದರ ಜೊತೆಗೆ, ಎಷ್ಟು ಬಾರಿ ಪೂರ್ವಕ್ರಮವನ್ನು ಪೂರ್ಣವಾಗಿ ಪಾಲಿಸಲಾಯಿತು ಎಂಬುದನ್ನೂ ಬರೆದಿಡುವುದು ಉಪಯುಕ್ತ.

ಒಂದು ಗುರಿಯ ಅಂತರ

2004ರ ಅಥೆನ್ಸ್ ಒಲಿಂಪಿಕ್ಸ್‌ನ ಡಬಲ್ ಟ್ರ್ಯಾಪ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ 179 ಅಂಕಗಳೊಂದಿಗೆ ಬೆಳ್ಳಿ ಗೆದ್ದರು. ಕಂಚು ಪಡೆದ ಸ್ಪರ್ಧಿಯ ಅಂಕ 178. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಕೀಟ್ ಮಿಶ್ರ ತಂಡ ಸ್ಪರ್ಧೆಯಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರುಕಾ ಜೋಡಿ ಚೀನಾ ಎದುರು 43–44ರಿಂದ ಸೋತು ಕಂಚಿನ ಪದಕ ಕಳೆದುಕೊಂಡಿತು.

ಕರ್ನಾಟಕದಲ್ಲಿ

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧ ಪೂಜೆಯ ಜೊತೆಗೆ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಗುರಿ ಅಲುಗದೆ ಇರುವುದರಿಂದ ಉಸಿರು ಮತ್ತು ಕೈ ಸ್ಥಿರವಾಗುವವರೆಗೆ ಕಾಯಬಹುದು. ಹಾರುವ ಬಿಲ್ಲೆಗೆ ಹಾಗೆ ಕಾಯಲಾಗದು, ಸ್ಥಿರತೆ ಮೊದಲೇ ಮನಸ್ಸಿನಲ್ಲಿ ಇರಬೇಕಾಗುತ್ತದೆ.