ಜಾತ್ರೆ ಬಯಲಿನ ಬಿಳಿ ಪರದೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಗೆಳೆಯರ ಜತೆಗೂಡಿ ಒಂದು ಸಣ್ಣ ಚಿತ್ರೋತ್ಸವ ನಡೆಸುತ್ತ ಬಂದಿದ್ದೇನೆ. ನನ್ನ ಉಪಜೀವನ ಫೋಟೋ ಸ್ಟುಡಿಯೋ. ಲಗ್ನ, ಕುಬುಸ, ಜಾವಳದ ವಿಡಿಯೋ ತೆಗೆಯುವುದು. ಲಗ್ನದ ಸೀಸನ್ನು ಮುಗಿದ ಮೇಲೆ ಅದೇ ಕ್ಯಾಮೆರಾ ಹಿಡಿದು ನಮ್ಮ ಸೀಮೆಯ ಕತೆಗಳ ಕಿರುಚಿತ್ರ ಮಾಡುವುದು ಹವ್ಯಾಸ. ಉತ್ಸವದಲ್ಲಿ ಈ ಭಾಗದ ಹುಡುಗ ಹುಡುಗಿಯರ ಕಿರುಚಿತ್ರಗಳಿರುತ್ತವೆ, ಜತೆಗೆ ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಭೂತಾನದ ಚಿತ್ರಗಳೂ ಇರುತ್ತವೆ. “ಇವೆಲ್ಲ ಬೆಂಗಳೂರಾಗ ನಡಿಯೂವು ಬಿಡ್ರಿ, ನಮ್ಮ ಮಂದಿಗೆ ಯಾಕ ಬೇಕು?” ಎಂದು ಕೇಳುವವರಿದ್ದಾರೆ. ಅವರಿಗೆ ಕೊಡುವ ಉತ್ತರ ಈ ನೆಲದ ಚರಿತ್ರೆಯಲ್ಲೇ ಇದೆ. ಊರಿಗೆ ಊರೇ ಬಯಲಲ್ಲಿ ಕೂತು ರಾತ್ರಿಯಿಡೀ ನೋಡುವುದು, ನೋಡಿದ್ದರ ಮೇಲೆ ವಾದ ಮಾಡುವುದು ಇಲ್ಲಿ ಸಿನಿಮಾಕ್ಕಿಂತ ಹಳೆಯ ರೂಢಿ.

ಆ ರೂಢಿಯ ಬೇರು ಜಾತ್ರೆಯಲ್ಲಿದೆ. ಬಸವನ ಬಾಗೇವಾಡಿಯ ಬಸವೇಶ್ವರ, ಚಡಚಣದ ಸಂಗಮೇಶ್ವರ, ಗೋಲಗೇರಿಯ ಗೊಲ್ಲಾಳೇಶ್ವರ, ಕುಂಟೋಜಿಯ ಬಸವೇಶ್ವರ, ಹೀಗೆ ಪ್ರತಿ ತಾಲೂಕಿಗೂ ದೊಡ್ಡ ಜಾತ್ರೆಗಳಿವೆ. ಹಗಲು ತೇರು, ಕುಸ್ತಿ, ದನದ ಪೇಟೆ, ರಾತ್ರಿ ಆಟ. ಸಣ್ಣಾಟ, ದೊಡ್ಡಾಟ, ಶ್ರೀಕೃಷ್ಣ ಪಾರಿಜಾತ ನೋಡಲು ಸುತ್ತಲಿನ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಬರುತ್ತಿದ್ದರು. ಆಮೇಲೆ ಕಂಪನಿ ನಾಟಕಗಳು ತಗಡು ಬಡಿದು ಕ್ಯಾಂಪು ಹಾಕತೊಡಗಿದವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಈಗಲೂ ಹಲವು ಕಂಪನಿಗಳು ಒಟ್ಟಿಗೆ ಟೆಂಟು ಹಾಕಿ ವಾರಗಟ್ಟಲೆ ನಾಟಕ ಆಡುತ್ತವೆ. ಒಂದೇ ಬಯಲಿನಲ್ಲಿ ಹಲವು ಆಟ, ದೂರದಿಂದ ಬಂದ ಪ್ರೇಕ್ಷಕರು, ಯಾವುದು ಚಲೋ ಯಾವುದು ಅಲ್ಲ ಎಂಬ ಜಗಳ: ಉತ್ಸವಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು.

ವಾದದ ವಿಷಯಕ್ಕೆ ಬಂದರೆ ನಮ್ಮ ಸೀಮೆಯ ಗೀಗೀ ಮೇಳಗಳನ್ನು ನೆನೆಯಲೇಬೇಕು. ಹರದೇಶಿ ಮೇಳ ಒಂದು ಕಡೆ, ನಾಗೇಶಿ ಮೇಳ ಇನ್ನೊಂದು ಕಡೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಬೆಳಕು ಹರಿಯುವ ತನಕ ಕೂತ ಜನ ಯಾರ ತರ್ಕ ಗಟ್ಟಿ ಎಂದು ತೂಗುತ್ತಿದ್ದರು. ಹಲಸಂಗಿಯ ಖಾಜಾಭಾಯಿ ಅವರಂಥ ಲಾವಣಿಕಾರರು ಹುಟ್ಟಿದ ನೆಲವಿದು. ಅದೇ ಹಲಸಂಗಿಯಲ್ಲಿ ಮಧುರಚೆನ್ನರು ಮತ್ತು ಗೆಳೆಯರು ಜನಪದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಅಕ್ಷರ ಬಾರದವರು ನೋಡಲಿಕ್ಕೂ ತೂಗಲಿಕ್ಕೂ ಬಲ್ಲರು ಎಂಬುದನ್ನು ಈ ಸೀಮೆ ಯಾವತ್ತೋ ತೋರಿಸಿದೆ.

ಸಿನಿಮಾ ನಮಗೆ ಪಡುವಣ ದಿಕ್ಕಿನಿಂದ ಬಂತು. 1956ರ ತನಕ ವಿಜಾಪುರ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಪೇಟೆ ಎಂದರೆ ಸೊಲ್ಲಾಪುರ, ದೊಡ್ಡ ಪಟ್ಟಣವೆಂದರೆ ಪುಣೆ, ಮುಂಬಯಿ. ದಾದಾಸಾಹೇಬ ಫಾಲ್ಕೆ ಅವರ ‘ರಾಜಾ ಹರಿಶ್ಚಂದ್ರ’ 1913ರಲ್ಲಿ ಮುಂಬಯಿಯಲ್ಲಿ ತೆರೆಕಂಡಿತು. ಫಾಲ್ಕೆ ತಮ್ಮ ಪ್ರೊಜೆಕ್ಟರನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಊರೂರು ತಿರುಗಿದರು. ಬಾಬುರಾವ್ ಪೇಂಟರ್ ಕೊಲ್ಲಾಪುರದಲ್ಲಿ ಚಿತ್ರ ತಯಾರಿಸಿದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಬೆಂಗಳೂರಿನಲ್ಲಿ ಬಿಡುಗಡೆಯಾದರೂ ಅದರ ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. 1929ರಲ್ಲಿ ಕೊಲ್ಲಾಪುರದಲ್ಲೇ ಶುರುವಾಗಿ ಆಮೇಲೆ ಪುಣೆಗೆ ಹೋದ ಪ್ರಭಾತ್ ಕಂಪನಿಯ ‘ಸಂತ ತುಕಾರಾಮ್’ (1936) ಮಾರನೆಯ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಆ ಚಿತ್ರದ ವಿಠ್ಠಲ ನಮಗೆ ಪರಕೀಯನಲ್ಲ. ಭೀಮಾ ನದಿಯ ಈ ದಂಡೆಯಿಂದ ದಿಂಡಿಯ ಸಂಗಡ ಪಂಢರಪುರಕ್ಕೆ ನಡೆದುಹೋಗುವ ಮನೆತನಗಳು ಇಂದಿಗೂ ಇವೆ. ಯುರೋಪಿನ ಉತ್ಸವ ಮೆಚ್ಚಿದ ಚಿತ್ರದ ಭಕ್ತಿ, ಭಾಷೆ, ಅಭಂಗ ನಮ್ಮ ನೆರೆಯವು.

ಈ ಚಿತ್ರಗಳನ್ನು ಹಳ್ಳಿಗೆ ಮುಟ್ಟಿಸಿದ್ದು ಟೂರಿಂಗ್ ಟಾಕೀಸು. ನನ್ನ ಕಾಕಾ ಹುಡುಗನಾಗಿದ್ದಾಗಲೇ ಅಂಥ ಒಂದು ಟಾಕೀಸಿಗೆ ಕೆಲಸಕ್ಕೆ ಸೇರಿ ಆಪರೇಟರ್ ಆದವರು. ಅವರ ಬಾಯಿಂದ ಕೇಳಿದ್ದನ್ನು ಬರೆದಿಡುವುದು ನನ್ನ ಜವಾಬ್ದಾರಿ ಎಂದುಕೊಂಡಿದ್ದೇನೆ. ಮಳೆಗಾಲ ಮುಗಿದ ಮೇಲೆ ಟೆಂಟು ಏಳುತ್ತಿತ್ತು. ಲೈಸೆನ್ಸು ತಾತ್ಪೂರ್ತಿಕ, ಅವಧಿ ಮುಗಿದರೆ ಕಂಬ ಕಿತ್ತು ಮುಂದಿನ ಊರು. ಕರೆಂಟು ಇಲ್ಲದ ಕಡೆ ಆಯಿಲ್ ಎಂಜಿನ್ನು, ಡೈನಮೋ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಹೆಣ್ಣುಮಕ್ಕಳಿಗೆ ಬೇರೆ ಜಾಗ. ಸಂಜೆ ಟೆಂಟಿನ ಮೇಲಿನ ಸ್ಪೀಕರಿನಲ್ಲಿ ದೇವರ ಹಾಡು ಬಂತೆಂದರೆ ಅಡವಿಯಲ್ಲಿದ್ದವರಿಗೂ ಆಟ ಚಾಲೂ ಆಗುವ ಸುದ್ದಿ ಮುಟ್ಟುತ್ತಿತ್ತು. ಹಗಲು ಬಂಡಿಗೆ ಪೋಸ್ಟರು ಕಟ್ಟಿ ಹಲಗೆ ಬಾರಿಸುತ್ತ ಹ್ಯಾಂಡ್‌ಬಿಲ್ಲು ತೂರುತ್ತಿದ್ದರು.

ಕಾಕಾನ ಕೈಯಲ್ಲಿ ಈಗಲೂ ಸುಟ್ಟ ಕಲೆಗಳಿವೆ. ಆಗಿನ ಪ್ರೊಜೆಕ್ಟರಿನ ಒಳಗೆ ಬಲ್ಬು ಇರುತ್ತಿರಲಿಲ್ಲ. ತಾಮ್ರದ ಲೇಪವಿದ್ದ ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರು ಹಿಡಿಸಿ, ತುದಿಗೆ ತುದಿ ತಾಕಿಸಿ ಬಿಡಿಸಿದರೆ ನಡುವೆ ಕಣ್ಣು ಕುಕ್ಕುವ ಬೆಳಕು ಹೊತ್ತುತ್ತಿತ್ತು. ಆ ಬೆಳಕೇ ಫಿಲ್ಮಿನ ಮೂಲಕ ಹಾಯ್ದು ಪರದೆಗೆ ಬೀಳಬೇಕು. ಕಡ್ಡಿಗಳು ಉರಿದು ಸವೆಯುತ್ತವೆ. ನಡುವಿನ ಅಂತರ ಹೆಚ್ಚಿದರೆ ಬೆಳಕು ನಡುಗಿ ಆರುತ್ತದೆ. ಅದಕ್ಕೇ ಆಪರೇಟರ್ ಕಪ್ಪು ಗಾಜಿನೊಳಗಿಂದ ನೋಡುತ್ತ, ಸ್ಕ್ರೂ ತಿರುವುತ್ತ ಕಡ್ಡಿಗಳನ್ನು ಹತ್ತಿರ ತರುತ್ತಲೇ ಇರಬೇಕು. “ತಮ್ಮಾ, ಮಂದಿ ಪಿಚ್ಚರ್ ನೋಡತಿದ್ರು, ನಾ ಬೆಂಕಿ ನೋಡತಿದ್ನಿ” ಎನ್ನುತ್ತಾರೆ ಕಾಕಾ. ಸಾವಿರ ಅಡಿ ಫಿಲ್ಮು ಹನ್ನೊಂದು ನಿಮಿಷದಲ್ಲಿ ಓಡಿ ಮುಗಿಯುತ್ತದೆ. ಒಂದೇ ಪ್ರೊಜೆಕ್ಟರ್ ಇದ್ದ ಟೆಂಟಿನಲ್ಲಿ ರೀಲು ಬದಲಿಸುವಾಗೆಲ್ಲ ಆಟ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಶೇಂಗಾ, ಚುರುಮುರಿ ಮಾರಾಟ ಮತ್ತು ಅದುವರೆಗಿನ ಕತೆಯ ಚರ್ಚೆ. ಹಿಂದಿ, ಮರಾಠಿ ಚಿತ್ರವಾದರೆ ಭಾಷೆ ತಿಳಿದ ಒಬ್ಬರು ಪಕ್ಕದವರಿಗೆ ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದರು. ಸುತ್ತಲಿನ ಹತ್ತು ಮಂದಿ ಅದನ್ನು ಕೇಳಿಸಿಕೊಳ್ಳುತ್ತಿದ್ದರು.

ಏಕೀಕರಣದ ನಂತರ ಕನ್ನಡ ಚಿತ್ರಗಳ ಪೆಟ್ಟಿಗೆಗಳು ಹುಬ್ಬಳ್ಳಿ ಕಡೆಯಿಂದ ಹೆಚ್ಚೆಚ್ಚು ಬರತೊಡಗಿದವು. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನಾಗಿದ್ದರು, ರಾಜಕುಮಾರ್ ಬಿಜ್ಜಳನಾಗಿದ್ದರು. ವರ್ಷಗಳ ಮೇಲೆ ಅದನ್ನು ಬಾಗೇವಾಡಿ ಸೀಮೆಯಲ್ಲಿ ಓಡಿಸಿದಾಗ ಮುದುಕರು ಚಪ್ಪಲಿ ಹೊರಗೆ ಬಿಟ್ಟು ಟೆಂಟಿನೊಳಗೆ ಬಂದರೆಂದು ಕಾಕಾ ಹೇಳುತ್ತಾರೆ. ಬಸವಣ್ಣ ಹುಟ್ಟಿದ ಊರಿನವರು ಪರದೆಯ ಮೇಲೆ ತಮ್ಮವನನ್ನೇ ನೋಡಲು ಬಂದಿದ್ದರು.

ಇನ್ನೊಂದು ಅಧ್ಯಾಯ ನಮ್ಮ ಜಿಲ್ಲೆಯದೇ ಹೆಮ್ಮೆ. ಹೊಸ ಪೀಳಿಗೆಗೆ ಅದು ಗೊತ್ತಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ಸರಕಾರ, ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ‘ಸೈಟ್’ ಎಂಬ ಉಪಗ್ರಹ ಟಿ.ವಿ. ಪ್ರಯೋಗ ನಡೆಸಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಆಯ್ಕೆಯಾದದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಸಾಲಿಯ ಅಥವಾ ಪಂಚಾಯಿತಿ ಕಟ್ಟೆಯ ಹತ್ತಿರ ತಂತಿ ಬಲೆಯ, ಹತ್ತು ಅಡಿ ಅಗಲದ ಬುಟ್ಟಿ ಆಂಟೆನಾ ನಿಲ್ಲಿಸಿದರು. ಎಟಿಎಸ್-6 ಉಪಗ್ರಹದಿಂದ ಅದಕ್ಕೆ ನೇರವಾಗಿ ಚಿತ್ರ ಬರುತ್ತಿತ್ತು. ಬೆಳಿಗ್ಗೆ ಒಂದೂವರೆ ತಾಸು ಸಾಲಿ ಮಕ್ಕಳಿಗೆ. ಸಂಜೆ ಎರಡೂವರೆ ತಾಸು ಒಕ್ಕಲುತನ, ಆರೋಗ್ಯ, ಹಾಡು, ಆಟ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದ್ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕೆ. ರಾಜಧಾನಿಗಿಂತ ಆರು ವರ್ಷ ಮೊದಲೇ ಈ ಮೂರು ಜಿಲ್ಲೆಗಳ ಒಕ್ಕಲಿಗರು ತಮ್ಮೂರ ಕಟ್ಟೆಯ ಮೇಲೆ ಕೂತು ಕನ್ನಡ ಟಿ.ವಿ. ನೋಡಿದ್ದರು! ಒಂದು ಸೆಟ್ಟು, ಅದರ ಮುಂದೆ ಇಡೀ ಊರು. ಪ್ರಯೋಗದ ವರ್ಷ ಮುಗಿದದ್ದೇ ಉಪಗ್ರಹವನ್ನು ಬೇರೆಡೆ ಸರಿಸಿದರು, ಆ ಪ್ರಸಾರ ನಿಂತಿತು. ನಮ್ಮ ಹಿಂದುಳಿದಿರುವಿಕೆಯ ಮಾತು ಬಂದಾಗಲೆಲ್ಲ ನಾನು ಈ ವರ್ಷವನ್ನು ಎತ್ತಿ ಹೇಳುತ್ತೇನೆ.

ಜಗತ್ತಿನ ಒಳ್ಳೆಯ ಸಿನಿಮಾ ಹಳ್ಳಿಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಮಲೆನಾಡಿನ ಹೆಗ್ಗೋಡಿನವರು. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್, ಫಿಲ್ಮ್ ಆರ್ಕೈವ್ಸಿನ ಪಿ.ಕೆ. ನಾಯರ್ ಅದರ ಬೆನ್ನಿಗೆ ನಿಂತರು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ನಂಥ ಚಿತ್ರಗಳನ್ನು ಅಡಿಕೆ ತೋಟದ ಕೂಲಿಯವರು, ಒಕ್ಕಲು ಮಕ್ಕಳು ಕೂತು ನೋಡಿ ಚರ್ಚಿಸಿದರು. 1980ರ ದಶಕದಲ್ಲಿ ‘ಜನಸ್ಪಂದನ’ ಯೋಜನೆಯಲ್ಲಿ ನೀನಾಸಂನವರು ಅದನ್ನು ರಾಜ್ಯದ ಬೇರೆ ಕಡೆಗೂ ಒಯ್ದರು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ಒಡೆಸ್ಸಾ ಬಳಗ ಊರೂರು ಸಿನಿಮಾ ತೋರಿಸಿ ಜನರಿಂದಲೇ ಹಣ ಕೂಡಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿತು. ಬಾಂಗ್ಲಾದೇಶದಲ್ಲಿ ತಾರೇಕ್ ಮಸೂದ್ ಮತ್ತು ಕ್ಯಾಥರೀನ್ ಮಸೂದ್ ತಮ್ಮ ‘ಮುಕ್ತಿರ್ ಗಾನ್’ (1995) ಚಿತ್ರವನ್ನು ಪ್ರೊಜೆಕ್ಟರ್ ಸಮೇತ ಹಳ್ಳಿಹಳ್ಳಿಗೆ ಒಯ್ದರು. ಚಿತ್ರ ನೋಡಿದ ಹಳ್ಳಿಗರು ಎದ್ದು 1971ರ ಯುದ್ಧದ ತಮ್ಮ ಸಂಕಟ ಹೇಳತೊಡಗಿದರು. ಆ ಮಾತುಗಳಿಂದಲೇ ಆಮೇಲೆ ಅವರ ‘ಮುಕ್ತಿರ್ ಕಥಾ’ ಚಿತ್ರ ಹುಟ್ಟಿತು. ಪ್ರೇಕ್ಷಕರಿಗೂ ಹೇಳುವುದಿರುತ್ತದೆ ಎಂಬ ನಂಬಿಕೆ ನನಗೆ ಗಟ್ಟಿಯಾದದ್ದು ಈ ಸಂಗತಿ ಓದಿದ ಮೇಲೆ. ಕಾಠ್ಮಂಡುವಿನಲ್ಲಿ 1997ರಿಂದ ನಡೆಯುತ್ತಿರುವ ‘ಫಿಲ್ಮ್ ಸೌತ್ ಏಷ್ಯಾ’ ಸಾಕ್ಷ್ಯಚಿತ್ರೋತ್ಸವ ಆಯ್ದ ಚಿತ್ರಗಳ ಕಟ್ಟನ್ನು ಊರಿಂದೂರಿಗೆ ಕಳಿಸುತ್ತದೆ. ನೆರೆಯ ದೇಶಗಳ ಚಿತ್ರ ನಮಗೇಕೆ ಎನ್ನುವವರಿಗೆ ನಾನು ಹೇಳುವುದಿಷ್ಟೆ: ಬರ, ಗುಳೆ, ಸಾಲ, ಮುಳುಗಡೆ ನಮ್ಮ ಆಲಮಟ್ಟಿಯ ದಂಡೆಗೂ ಉಂಟು, ಪದ್ಮಾ ನದಿಯ ದಂಡೆಗೂ ಉಂಟು.

ಕೂಡಿ ನೋಡುವ ರೂಢಿ ಸಡಿಲವಾದದ್ದು 1980ರ ದಶಕದಿಂದ ಈಚೆಗೆ. ವಿಡಿಯೋ ಬಂತು, ಮನೆಮನೆಗೆ ಟಿ.ವಿ. ಬಂತು, ಈಗ ಪ್ರತಿ ಕೈಯಲ್ಲಿ ಮೊಬೈಲು. ಟೆಂಟುಗಳು ಹೋದವು, ಸಣ್ಣ ಊರುಗಳ ಥೇಟರುಗಳು ಗೋದಾಮು, ಮಂಗಲ ಕಾರ್ಯಾಲಯಗಳಾದವು. ಅದೇ ವಿಡಿಯೋ, ಅದೇ ಮೊಬೈಲು ಇನ್ನೊಂದು ಬಾಗಿಲನ್ನೂ ತೆರೆದವು. ನೂರು ವರ್ಷ ಬರೀ ನೋಡುಗರಾಗಿದ್ದ ನಾವು ಈಗ ಚಿತ್ರ ಮಾಡುವವರೂ ಹೌದು. ಮಗ್ಗದ ಊರು ಮಾಲೇಗಾಂವ್‌ನಲ್ಲಿ ಶೇಖ್ ನಾಸಿರ್ ಗೆಳೆಯರ ದಂಡು ಕಟ್ಟಿಕೊಂಡು ತಮ್ಮೂರಿನದೇ ‘ಶೋಲೆ’ ಮಾಡಿದ್ದನ್ನು ದೇಶವೇ ನೋಡಿದೆ. ‘ತಿಥಿ’ (2015) ಮಂಡ್ಯದ ಹಳ್ಳಿಯ ಜನರನ್ನೇ ನಟರನ್ನಾಗಿಸಿ ಲೊಕಾರ್ನೊ ಉತ್ಸವದಲ್ಲಿ ಗೆದ್ದಿತು. ಸಿಂದಗಿಯ ಕಾಲೇಜು ಹುಡುಗಿ ಕಬ್ಬು ಕಡಿಯಲು ಗುಳೆ ಹೋಗುವ ತನ್ನ ಅವ್ವನನ್ನೇ ಕುರಿತು ಮೊಬೈಲಿನಲ್ಲಿ ತೆಗೆದ ಚಿತ್ರ ನಮ್ಮ ಉತ್ಸವಕ್ಕೆ ಬಂದಾಗ, ಇದನ್ನು ಮೊದಲು ನೋಡಬೇಕಾದವರು ಸಿಂದಗಿಯವರೇ ಎನಿಸಿತು.

ಹಾಗಾಗಿ ನಮ್ಮ ಉತ್ಸವದ ಪದ್ಧತಿಯನ್ನು ಈ ಚರಿತ್ರೆಯಿಂದಲೇ ಕಟ್ಟಿಕೊಂಡಿದ್ದೇವೆ. ತಿಂಗಳು ಬಿಳಿಜೋಳದ ಸುಗ್ಗಿ ಮುಗಿದ ಮೇಲಿನದು. ಜಾಗ ಬಯಲು, ಇಲ್ಲವೆ ಮಠದ ಸಭಾಮಂಟಪ. ಸೆನ್ಸಾರ್ ಆಗದ ಚಿತ್ರಗಳಿಗೆ ವಿನಾಯಿತಿಯ ಪತ್ರ, ಚಿತ್ರ ಮಾಡಿದವರ ಒಪ್ಪಿಗೆ, ಪೊಲೀಸ್ ಠಾಣೆಯ ಮೈಕ್ ಪರವಾನಿಗೆ, ಇವಿಷ್ಟು ಮೊದಲೇ ಕೈಯಲ್ಲಿರಬೇಕು. ಬೇರೆ ಭಾಷೆಯ ಚಿತ್ರಕ್ಕೆ ಒಬ್ಬರು ಮೈಕ್ ಹಿಡಿದು ನಮ್ಮ ಮಾತಿನಲ್ಲಿ ಹೇಳುತ್ತ ಹೋಗುತ್ತಾರೆ. ಟೆಂಟಿನ ಆ ಪಕ್ಕದ ಮನುಷ್ಯನಿಗೆ ನಾವು ಮೈಕ್ ಕೊಟ್ಟಿದ್ದೇವೆ ಅಷ್ಟೆ. ಚಿತ್ರ ಮುಗಿದ ಮೇಲೆ ಭಾಷಣವಿಲ್ಲ. ಸವಾಲು ಜವಾಬು. ಬೌದ್ಧ ಮಠದ ಹುಡುಗರು ಫುಟ್‌ಬಾಲ್ ನೋಡಲು ಬಾಡಿಗೆ ಟಿ.ವಿ. ತರುವ ಭೂತಾನದ ‘ದಿ ಕಪ್’ (1999) ತೋರಿಸಿದ ರಾತ್ರಿ ಒಬ್ಬ ಅಜ್ಜಿ ಎದ್ದು, “ನಮ್ಮೂರಾಗೂ ಬುಟ್ಟಿ ಟಿ.ವಿ. ಬಂದಾಗ ಹಿಂಗ ಮುಗಿಬಿದ್ದಿದ್ವಿ ನೋಡಪಾ” ಎಂದರು. ಸೈಟ್ ಪ್ರಯೋಗದ ಬಗ್ಗೆ ವರದಿಗಳಲ್ಲಿ ಓದಿದ್ದಕ್ಕಿಂತ ಹೆಚ್ಚಿನದು ಆ ಅರ್ಧ ತಾಸಿನಲ್ಲಿ ಅವರಿಂದ ನನಗೆ ತಿಳಿಯಿತು. ಅದನ್ನು ರೆಕಾರ್ಡ್ ಮಾಡಿಟ್ಟಿದ್ದೇನೆ.

ಈ ನೆನಪುಗಳನ್ನು ಕೂಡಿಹಾಕುವ ಕೆಲಸ ಈಗಲೇ ಆಗಬೇಕು. ಕಾಕಾನ ವಾರಿಗೆಯವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಯಾರ ಅಟ್ಟದ ಮೇಲಾದರೂ ಹಳೆಯ ಹ್ಯಾಂಡ್‌ಬಿಲ್ಲು, ಲೈಸೆನ್ಸಿನ ಕಾಗದ, ಕಾರ್ಬನ್ ಕಡ್ಡಿಯ ತುಂಡು, ಸೈಟ್ ಕಾಲದ ಒಂದು ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ; ನಮ್ಮನ್ನು ಕರೆಯಿರಿ, ಪ್ರತಿ ತೆಗೆದುಕೊಂಡು ಮೂಲ ನಿಮಗೇ ಮರಳಿಸುತ್ತೇವೆ. ನಾಲ್ಕೂ ತಾಲೂಕುಗಳ ಜಾತ್ರೆ ಕಮಿಟಿಯ ಹಿರಿಯರಲ್ಲಿ ನನ್ನ ಇನ್ನೊಂದು ಮನವಿ: ಕುಸ್ತಿಗೊಂದು ದಿನ, ನಾಟಕಕ್ಕೊಂದು ರಾತ್ರಿ ಇಟ್ಟಂತೆ ಸಿನಿಮಾಕ್ಕೂ ಒಂದು ರಾತ್ರಿ ಇಡಿ. ಪರದೆ, ಪ್ರೊಜೆಕ್ಟರ್, ಸ್ಪೀಕರ್ ನಾವು ತರುತ್ತೇವೆ. ಚಿತ್ರಗಳನ್ನು ನಿಮ್ಮೂರಿನ ಮಕ್ಕಳೇ ಮಾಡಿಕೊಡುತ್ತಾರೆ.